ಬೆಳಕಿಗೆ ಮೊದಲು ಕಂಡ ಎಲೆ

ಇಪ್ಪತ್ತು ವರ್ಷಕ್ಕೂ ಹಿಂದೆ ಶ್ಯಾಮಲಮ್ಮ ಒಂದು ಮಾತು ಕೊಟ್ಟಿದ್ದಳು.

ಆಗ ಅವಳು ಪೊಲೀಸ್ ಪೇದೆ. ಪಕ್ಕದ ಮನೆಯ ಕೊಂಡಮ್ಮ ಹಸಿ ಬಾಣಂತಿ. ಕೊಂಡಮ್ಮನ ಗಂಡ ಜಲ್ಲಿ ಕ್ರಷರಿಗೆ ಸಿಕ್ಕಿ ಸತ್ತುಹೋಗಿದ್ದ. ಬಾಣಂತಿಗೆ ಹೇಳಬಾರದೆಂದು ನೆಂಟರೆಲ್ಲ ಸೇರಿ, ಅವನು ಬೆಂಗಳೂರಿನ ಆಸ್ಪತ್ರೆಯಲ್ಲಿದ್ದಾನೆ, ಚೇತರಿಸಿಕೊಳ್ಳುತ್ತಿದ್ದಾನೆ ಎಂದು ನಂಬಿಸಿದರು. ಅವಳು ದಿನವೂ ಕ್ಯಾರಿಯರಿಗೆ ಅನ್ನ, ಮೆಣಸಿನ ಸಾರು ತುಂಬಿ ಕಳಿಸುತ್ತಿದ್ದಳು. ಬೀದಿಯ ಕೊನೆಯಲ್ಲಿ ಅದನ್ನು ನಾಯಿಗೆ ಸುರಿದು, ಖಾಲಿ ಡಬ್ಬಿ ತಂದುಕೊಟ್ಟು, 'ಪೂರ್ತಿ ಉಂಡ' ಅನ್ನುತ್ತಿದ್ದರು. ನಿಜ ತಿಳಿಯುವ ಹೊತ್ತಿಗೆ ಮಣ್ಣಾಗಿ, ತಿಥಿಯೂ ಆಗಿಹೋಗಿತ್ತು.

ಕೊಂಡಮ್ಮ ಅಳಲಿಲ್ಲ. ಶ್ಯಾಮಲಮ್ಮನ ಕೈ ಹಿಡಿದು ತೊಟ್ಟಿಲಿನಲ್ಲಿದ್ದ ಮಗುವಿನ ತಲೆಯ ಮೇಲೆ ಇಡಿಸಿದಳು.

"ಇನ್ಮೇಲೆ ನನ್ಗೆ ಏನೇ ಕೇಡಾದ್ರೂ ಊರಿಗಿಂತ ಮೊದ್ಲು ನನ್ಗೇ ಹೇಳ್ಬೇಕು ಕಣಕ್ಕ. ನೀನಾದ್ರೂ ಸುಳ್ಳು ಹೇಳ್ಬೇಡ."

"ಹೇಳಲ್ಲ," ಎಂದಿದ್ದಳು ಶ್ಯಾಮಲಮ್ಮ.

ಆ ಮಗುವೇ ಮುನಿರಾಜು. ಅವನು ಕಾಣೆಯಾಗಿ ಈಗ ತಿಂಗಳ ಮೇಲಾಗಿತ್ತು.

*

ಹೊಸೂರಿನ ಆಲಸನತ್ತಂ ಬಡಾವಣೆಯ ಆ ಒಂದೇ ಕೋಣೆಯ ಮನೆಯಲ್ಲಿ ಹಾಡಹಗಲೇ ಕಿಟಕಿ ಮುಚ್ಚಿತ್ತು. ಟಿವಿಯಲ್ಲಿ ಮಗ ಚೆನ್ನಾಗಿ ಕಾಣಲೆಂದು ಕೊಂಡಮ್ಮ ಬಾಗಿಲಿಗೂ ಹಳೇ ಸೀರೆ ಅಡ್ಡ ಕಟ್ಟಿದ್ದಳು.

"ಕೂತ್ಕೊ ಅಕ್ಕ. ಈಗ ಬತ್ತಾನೆ," ಎಂದಳು. ಕಣ್ಣು ಬಾಗಿಲ ಕಡೆಗಿರಲಿಲ್ಲ.

ಶ್ಯಾಮಲಮ್ಮ ಮಂಡಿ ನೋವಿನ ಕಾಲು ಚಾಚಿ ಗೋಡೆಗೊರಗಿದಳು. ಇದೇ ಮಂಡಿಯಿಂದಾಗಿ ಪೊಲೀಸ್ ಕೆಲಸ ಬಿಟ್ಟಿದ್ದಳು. ಈಗ ಗಂಡು ಹೆಣ್ಣಿನ ಕಡೆಯವರ ಬಗ್ಗೆ ಗುಟ್ಟಾಗಿ ವಿಚಾರಿಸಿಕೊಡುವುದು, ಓಡಿಹೋದವರನ್ನು ಹುಡುಕಿಕೊಡುವುದು, ಇದೇ ಅವಳ ಹೊಟ್ಟೆಪಾಡು. ಮುನಿರಾಜುವನ್ನು ಹುಡುಕಲು ಮಾತ್ರ ಯಾರೂ ಅವಳನ್ನು ನೇಮಿಸಬೇಕಾಗಿರಲಿಲ್ಲ. ಸ್ಟೇಷನ್ನಿನಲ್ಲಿ ದೂರು ಬರೆದುಕೊಂಡ ಹೊಸ ಇನ್‌ಸ್ಪೆಕ್ಟರು ತಲೆ ಎತ್ತದೆ ತಮಿಳಿನಲ್ಲಿ 'ಪಾಕ್ಕಲಾಮ್ಮಾ' ಎಂದಿದ್ದರು. ನೋಡೋಣ ಎಂದವರು ಇನ್ನೂ ನೋಡುತ್ತಲೇ ಇದ್ದರು.

ಟಿವಿ ಪರದೆ ಕಪ್ಪಾಯಿತು. ತಮಿಳಿನಲ್ಲಿ ಒಂದು ಸಾಲು, ಕೆಳಗೆ ಕನ್ನಡದಲ್ಲಿ ಅದೇ: 'ಈ ಟೇಪು ಕಲ್ಲುಗಣಿಯಲ್ಲಿ ಸಿಕ್ಕಿತು. ಇದರಲ್ಲಿರುವವರು ಸಿಕ್ಕಿಲ್ಲ.'

ಅದನ್ನು ಬರೆದವನು ಮುನಿರಾಜುವೇ.

ಮೋಟರ್ ಫ್ಯಾಕ್ಟರಿಯಲ್ಲಿ ಕಾಂಟ್ರಾಕ್ಟ್ ಕೆಲಸ, ವಾರಕ್ಕೊಂದು ರಜೆ. ಆ ರಜೆಯಲ್ಲಿ ಬೆಂಗಳೂರಿಂದ ತಂದ ಇಂಗ್ಲಿಷ್ ಸಿನಿಮಾ ನೋಡುವ ಹುಚ್ಚು ಅವನಿಗೆ. ಹಾಡಿಲ್ಲ, ಹೊಡೆದಾಟವಿಲ್ಲ. ಯಾರೋ ನಾಲ್ಕು ಜನ ಕ್ಯಾಮೆರಾ ಹಿಡಿದು ಕಾಡಿಗೆ ಹೋಗುತ್ತಾರೆ, ಆಕಾಶದಿಂದ ಬೆಳಕು ಇಳಿಯುತ್ತದೆ, ಚಿತ್ರ ಅಲ್ಲಾಡುತ್ತದೆ, ಆಮೇಲೆ ಅವರಿಲ್ಲ, ಟೇಪು ಮಾತ್ರ ಉಳಿದಿದೆ. ಅಂಥದ್ದೇ ಒಂದನ್ನು ನಮ್ಮ ಶೂಲಗಿರಿ ದಾರಿಯ ಪಾಳುಗಣಿಯಲ್ಲಿ ತೆಗೆಯುತ್ತೇನೆಂದು ಅವನು ಶ್ಯಾಮಲಮ್ಮನ ಅಡುಗೆಮನೆಯಲ್ಲಿ ಕೂತು ಹೇಳಿದ್ದ. ಸುಳ್ಳು ಅಂತ ಗೊತ್ತಾಗಲ್ವೇನೋ ಎಂದು ಅವಳು ಕೇಳಿದ್ದಕ್ಕೆ, "ನಿಜಕ್ಕಿಂತ ನಿಜ ಅನ್ನಿಸ್ಬೇಕು ದೊಡ್ಡಮ್ಮ, ಅದೇ ಅದರ ಕೆಲ್ಸ," ಎಂದು ನಕ್ಕಿದ್ದ.

ಗೆಳೆಯ ರವಿಕುಮಾರನ ಜೊತೆ ಗಣಿಗೆ ಹೋದವನು ಬರಲಿಲ್ಲ. ಬೆಳಕು ಕಂಡು ಓಡಿಬಂದೆ ಎಂದ ರವಿಕುಮಾರನ ಕೈಯಲ್ಲಿ ಬಂದದ್ದು ಟೇಪು. ಕೇಬಲ್‌ನವರು ಅದನ್ನು ಹಾಕಿದ ಮೇಲೆ ಹೊಸೂರು ಬಸ್‌ಸ್ಟ್ಯಾಂಡಿನಲ್ಲಿ ಅದರ ಡಿಸ್ಕು, ಮೇಲೆ 'ನಿಜ ಘಟನೆ' ಎಂಬ ಕೆಂಪು ಅಕ್ಷರ.

ಟಿವಿಯಲ್ಲಿ ಮುನಿರಾಜು ಕ್ಯಾಮೆರಾದ ಕಡೆ ತಿರುಗಿ, "ಏನೋ ಸದ್ದಾಯ್ತು ಕಣ್ಲಾ," ಎಂದ. ಬಂಡೆಯ ಅಂಚಿನಲ್ಲಿ ಬಿಳಿ ಬೆಳಕು ಎದ್ದಿತು. ಊಳಿಡುವಂಥ ಶಬ್ದ. ಕ್ಯಾಮೆರಾ ನೆಲದ ಮೇಲೆ ತಡಕಾಡಿತು. ಮತ್ತೆ ಬೆಳಕು. ಅಷ್ಟೆ.

ಕೊಂಡಮ್ಮ ಎದ್ದು ಹೋಗಿ ಪರದೆಯ ಮೇಲಿನ ಬೆಳಕನ್ನು ಕೈಯಲ್ಲಿ ಮುಟ್ಟಿದಳು.

"ಆಕಾಶದೋರಂತೆ. ಕೆಟ್ಟೋರಾಗಿದ್ರೆ ಅಲ್ಲೇ ಕೊಂದಾಕ್ತಿದ್ರು, ಅಲ್ವೇನಕ್ಕ? ಕರ್ಕೊಂಡು ಹೋಗವ್ರೆ ಅಂದ್ರೆ ಏನೋ ಬೇಕಾಗಿರ್ಬೇಕು." ಕೈಯನ್ನು ಪರದೆಯ ಮೇಲೇ ಇಟ್ಟುಕೊಂಡು ಅಂದಳು, "ಊಟಕ್ಕೆ ಏನಾಕ್ತಾರೋ. ಮುದ್ದೆ ಇಲ್ದಿದ್ರೆ ಅವ್ನಿಗೆ ಹೊಟ್ಟೆ ತುಂಬಲ್ಲ."

ಶ್ಯಾಮಲಮ್ಮ ರಿಮೋಟು ತೆಗೆದುಕೊಂಡು ಚಿತ್ರವನ್ನು ಹಿಂದಕ್ಕೆ ಓಡಿಸಿದಳು.

ಈ ಟೇಪನ್ನು ನೋಡಿದವರೆಲ್ಲ ಬೆಳಕನ್ನೇ ನೋಡಿದ್ದರು. ಅವಳೂ ಇಷ್ಟು ದಿನ ಅದನ್ನೇ ನೋಡಿದ್ದಳು. ಕೊನೆಯ ಬೆಳಕಿಗೆ ಮೊದಲು ಕ್ಯಾಮೆರಾ ನೆಲದ ಮೇಲೆ ತಡಕಾಡುವ ಜಾಗದಲ್ಲಿ ಇವತ್ತು ಅವಳು ನಿಲ್ಲಿಸಿದಳು.

ಕಲ್ಲುಪುಡಿಯ ನಡುವೆ ಉದ್ದಕ್ಕೆ ಏರಿಸಿದ ಮಣ್ಣು. ಅದರ ತಲೆಯ ಕಡೆ ಬಾಳೆ ಎಲೆಯ ಹಾಗೆ ಒಂದು ಹಸಿರು. ಎಲೆಯ ಸುತ್ತ ಮಣ್ಣು ಬೆಳ್ಳಗೆ ಗೆರೆಗೆರೆಯಾಗಿತ್ತು.

ಯಾರಾದರೂ ಸತ್ತ ಮೂರನೇ ದಿನ ಮಣ್ಣಿನ ಮೇಲೆ ಹಾಲುತುಪ್ಪ ಬಿಟ್ಟರೆ ಹೀಗೆಯೇ ಆಗುತ್ತದೆ.

ಟೇಪಿನ ಪ್ರಕಾರ ಇದೆಲ್ಲ ಒಂದೇ ರಾತ್ರಿ ನಡೆದದ್ದು. ಆದರೆ ಮೂರನೇ ದಿನದ ಎಲೆ ಮೊದಲನೇ ರಾತ್ರಿಗೆ ಬರುವುದಿಲ್ಲ.

"ಯಾಕಕ್ಕ ನಿಲ್ಸ್ಬುಟ್ಟೆ?"

"ಇನ್ನೊಂದ್ಸಲ ನೋಡಾಣ ಅಂತ."

ಹೊರಡುವಾಗ ಕೊಂಡಮ್ಮ ಬಾಗಿಲ ಹತ್ತಿರ ಇಟ್ಟಿದ್ದ ಕೊಡಗಳನ್ನು ತೋರಿಸಿದಳು. ಶ್ಯಾಮಲಮ್ಮನ ಗಂಡ ಅಶ್ವತ್ಥಪ್ಪ ದಿನವೂ ನೀರು ತಂದಿಡುತ್ತಾನಂತೆ. ಟಿಪ್ಪರ್ ಓಡಿಸಿ ದಣಿದು ಬಂದವನು ಬೀದಿ ಕೊನೆಯ ಟ್ಯಾಂಕಿನಿಂದ ಹೊತ್ತು ತರುತ್ತಾನಂತೆ. "ಒಂದು ಲೋಟ ಕಾಪಿ ಕುಡೀರಿ ಅಂದ್ರೂ ನಿಲ್ಲಲ್ಲ. ಕಷ್ಟದಾಗೆ ಯಾರು ಬತ್ತಾರಕ್ಕ ಹಿಂಗೆ," ಎಂದಳು. ಆಮೇಲೆ ದನಿ ತಗ್ಗಿಸಿ, "ಏನಾನ ತಿಳಿದ್ರೆ..."

"ಮೊದ್ಲು ನಿನ್ಗೇ," ಎಂದಳು ಶ್ಯಾಮಲಮ್ಮ.

*

ಮತ್ತಿಗಿರಿಯಲ್ಲಿ ರವಿಕುಮಾರನ ವಿಡಿಯೋ ಸ್ಟುಡಿಯೋ ಒಂದು ಬೇಕರಿಯ ಮಹಡಿಯ ಮೇಲಿತ್ತು. ಕೆಳಗಿನಿಂದ ಬನ್ನಿನ ವಾಸನೆ ಏರಿಬರುತ್ತಿತ್ತು. ಗೋಡೆಯ ಮೇಲೆ ಹೃದಯದ ಆಕಾರದೊಳಗೆ ಕತ್ತರಿಸಿ ಕೂರಿಸಿದ ಮದುಮಕ್ಕಳು. ಹಿಂದೆ ಹಿಮದ ಬೆಟ್ಟ.

ಅವಳನ್ನು ಕಂಡು ರವಿಕುಮಾರ್ ಕುರ್ಚಿ ಒರೆಸಿದ. ಮುನಿರಾಜುವಿಗಿಂತ ನಾಲ್ಕೈದು ವರ್ಷ ದೊಡ್ಡವನು, ಆದರೆ ಈ ತಿಂಗಳಲ್ಲಿ ಅವನ ಕೆನ್ನೆ ಒಳಗೆ ಹೋಗಿತ್ತು.

"ಟೀ ತರಿಸ್ಲಾ ಅಕ್ಕ?"

"ಬೇಡ. ಬಾಗ್ಲು ಹಾಕು."

ಅವನು ಹಾಕಿದ.

"ಸೋಬಾನೆ ಹೇಳೋ ಮುದುಕೀರ ಬಾಯಿಗೆ ಸಿನಿಮಾ ಹಾಡು ಹಾಕ್ತೀಯಂತೆ ನೀನು, ಮದುವೆ ಕ್ಯಾಸೆಟ್‌ನಾಗೆ."

ಅವನು ನಗಲು ನೋಡಿದ. "ಪಾರ್ಟಿ ಕೇಳ್ತಾರಕ್ಕ."

"ನಿನ್ನ ಕೈಗೆ ಬಂದ್ಮೇಲೆ ಯಾವ ದಿನದ್ದು ಯಾವ ದಿನಕ್ಕೆ ಸೇರ್ತದೋ ದೇವ್ರಿಗೂ ತಿಳಿಯಲ್ಲ. ಮುನಿಯ ಟೇಪೂ ಹಂಗೇ ಮಾಡ್ದೇನೋ?"

ನಗು ನಿಂತಿತು. ಅವಳು ಡಿಸ್ಕನ್ನು ಮೇಜಿನ ಮೇಲಿಟ್ಟು, ಆ ಮಣ್ಣು, ಆ ಎಲೆ, ಆ ಬಿಳಿ ಗೆರೆ, ಒಂದೊಂದಾಗಿ ಹೇಳಿದಳು. ಹೆಣ ಹೂತು ಓಡಿಹೋಗುವ ಎಷ್ಟೋ ಕಳ್ಳರನ್ನು ಅವಳು ಪೊಲೀಸಿನಲ್ಲಿ ಕಂಡಿದ್ದಾಳೆ. ಅವರಲ್ಲಿ ಒಬ್ಬನೂ ಮೂರನೇ ದಿನ ಹಾಲು ಹಿಡಿದು ತಿರುಗಿ ಬಂದವನಲ್ಲ. ಹೂತವನು ನಮ್ಮವನೇ. ಸತ್ತವನ ಬಾಯಿಗೆ ಹಾಲು ಬಿಡದೆ ಇದ್ದರೆ ಆ ಜೀವ ಬಾಯಾರಿ ಅಲೆಯುತ್ತದೆ ಎಂದು ನಂಬಿದವನು.

"ಹೂತಿಟ್ಟೋನಿಗೆ ಎದೆ ಗಟ್ಟಿ ಇತ್ತು. ಹಾಲು ಬಿಡ್ದೆ ಇರೋಕೆ ಮಾತ್ರ ಆಗ್ಲಿಲ್ಲ. ಅದೇ ತಪ್ಪು ಮಾಡ್ಬುಟ್ಟೆ ನೀನು."

ರವಿಕುಮಾರ್ ಡಿಸ್ಕನ್ನು ಮೇಜಿನ ಆಚೆಗೆ ತಳ್ಳಿದ.

"ಅದು ನಾನಲ್ಲಕ್ಕ. ನಾನು ಹೋದಾಗ್ಲೇ ಅಲ್ಲಿತ್ತು."

ಆಮೇಲೆ ಅವನು ಹೇಳಿದ್ದನ್ನು ಶ್ಯಾಮಲಮ್ಮ ಅಡ್ಡ ಮಾತಾಡದೆ ಕೇಳಿದಳು. ಆ ರಾತ್ರಿ ಇಬ್ಬರೂ ಗಣಿಯ ದಾರಿಯಲ್ಲಿದ್ದರು. ಆಕಾಶದ ಬೆಳಕು ಮಾಡಲು ಮದುವೆಯ ಲೈಟನ್ನೇ ಬಂಡೆಯ ಆಚೆ ಕಟ್ಟಿಟ್ಟಿದ್ದರು. ಅದನ್ನು ಹಾಕುವ ಮೊದಲೇ ಮೇಲಿನ ತಿರುವಿನಿಂದ ಬೇರೆ ಬೆಳಕು ಬಂತು. ಅವರು ಮಾಡಿದ್ದಲ್ಲ. ಆಕಾಶದವರ ಕಥೆಯನ್ನು ದಿನವೆಲ್ಲ ಮಾತಾಡಿ ಮಾತಾಡಿ ತಲೆಗೆ ತುಂಬಿಕೊಂಡಿದ್ದ ರವಿಕುಮಾರ್ ಕ್ಯಾಮೆರಾ ಸಮೇತ ಓಡಿಬಿಟ್ಟ. ಕೆಳಗೆ ಬಂದ ಮೇಲೆ ನಾಚಿಕೆಯಾಯಿತು. ಹೇಗೂ ಮುನಿರಾಜು ಬೈಯುತ್ತ ಹಿಂದೆ ಬರುತ್ತಾನೆ ಎಂದುಕೊಂಡ. ಅವನು ಬರಲಿಲ್ಲ. ಸ್ವಲ್ಪ ಹೊತ್ತು ಕಾದು, ಮತ್ತೆ ಮೇಲೆ ಹತ್ತಲು ಧೈರ್ಯ ಸಾಲದೆ, ಮನೆಗೆ ಹೋದ.

"ನಾಕು ದಿನ ಅವ್ನು ಆಟ ಆಡ್ತಾವ್ನೆ ಅಂದ್ಕೊಂಡೆ. ಸಿನಿಮಾಗೆ ಪಬ್ಲಿಸಿಟಿ ಆಗ್ಲಿ ಅಂತ ಎಲ್ಲೋ ಕೂತವ್ನೆ ಅಂತ. ಆಮೇಲೆ ಹುಡ್ಕೋಕೆ ಹೋದೆ. ಹಗಲು ಮದುವೆ ಕೆಲ್ಸ, ಹೊತ್ತು ಮುಳುಗಿದ್ಮೇಲೇ ಹೋಗಕ್ಕಾಗಿದ್ದು. ಕ್ಯಾಮೆರಾ ಲೈಟ್ ಬಿಟ್ರೆ ಬೇರೆ ಬೆಳಕಿರ್ಲಿಲ್ಲ. ಅದರಾಗೇ ನೋಡ್ಕೊಂಡು ಹೋದೆ."

"ಮಣ್ಣು ಕಾಣಿಸ್ತು."

"ಹ್ಞೂ."

"ಮತ್ತೆ ಯಾಕ್ಲಾ ಹೇಳ್ಲಿಲ್ಲ?"

ಅವನು ಅಂಗೈ ನೋಡಿಕೊಂಡ. ಹೇಳಿದರೆ ಜೊತೆಗಿದ್ದವನು ತಾನೊಬ್ಬನೇ, ತನ್ನನ್ನೇ ಹಿಡಿಯುತ್ತಾರೆ ಎಂಬ ಭಯ. ಅದಕ್ಕಿಂತ ಹೆಚ್ಚಾಗಿ, ಮಣ್ಣು ಕಂಡು ಬಂದ ಮೇಲೆ ಹಾಕಿ ಕೇಳಿದ ಮೊದಲ ಟೇಪಿನ ಕೊನೆ. ಅದನ್ನು ಕೊಂಡಮ್ಮ ಕೇಳಬಾರದಿತ್ತು. ಅದಕ್ಕೇ ಅದನ್ನು ಕತ್ತರಿಸಿ, ಅಷ್ಟು ಕತ್ತಲಲ್ಲಿ ಮಣ್ಣು ಯಾರಿಗೂ ಗುರುತಾಗದೆಂದುಕೊಂಡು ಹುಡುಕಲು ಹೋದ ದಿನದ ಚಿತ್ರವನ್ನು ಅಲ್ಲಿಗೆ ಅಂಟಿಸಿ, ಮೇಲೊಂದು ಊಳು ಹಾಕಿದ್ದ. ಒಂದೇ ಒಂದು ಪ್ರತಿ ಮಾಡಿ ಕೊಂಡಮ್ಮನ ಕೈಗೆ ಕೊಡಲೆಂದು ತೆಗೆದಿಟ್ಟಿದ್ದ. ಕೇಬಲ್‌ನವರು ಅದನ್ನು ಕೇಳಿ ತೆಗೆದುಕೊಂಡು ಹೋದದ್ದು ಆಮೇಲಿನ ಕಥೆ.

"ಸತ್ತ ಅಂತ ಹೇಳೋದ್ರ ಬದ್ಲು ಎಲ್ಲೋ ಅವ್ನೆ ಅಂದ್ರೆ ಆ ಯಮ್ಮ ಬದುಕ್ಕೊಳ್ತದೆ ಅನ್ನಿಸ್ತಕ್ಕ."

ಕ್ಯಾರಿಯರಿನ ಅನ್ನವನ್ನು ನಾಯಿಗೆ ಸುರಿದವರೂ ಅದನ್ನೇ ಅಂದಿದ್ದರು.

"ಅಸಲಿ ಟೇಪು ಹಾಕು," ಎಂದಳು.

ರವಿಕುಮಾರ್ ಬೀರುವಿನ ಹಿಂದಿನಿಂದ ಬೆಂಕಿಪೊಟ್ಟಣದಷ್ಟು ದಪ್ಪದ ಎರಡು ಪುಟ್ಟ ಟೇಪುಗಳನ್ನು ತೆಗೆದ. ಮೊದಲನೆಯದನ್ನು ಕ್ಯಾಮೆರಾಕ್ಕೆ ತುರುಕಿ ವೈರನ್ನು ಟಿವಿಗೆ ಸಿಕ್ಕಿಸಿ, ಕಿಟಕಿಯ ಹತ್ತಿರ ಹೋಗಿ ಬೆನ್ನು ಮಾಡಿ ನಿಂತ.

ಬಂಡೆಯ ಅಂಚಿನಲ್ಲಿ ಬೆಳಕು ಎದ್ದಿತು. ಇಲ್ಲಿ ಊಳು ಇರಲಿಲ್ಲ. ಅದರ ಜಾಗದಲ್ಲಿ ಡೀಸೆಲ್ ಎಂಜಿನ್ನೊಂದು ಇಳಿಜಾರಿನಲ್ಲಿ ಗೇರು ಬದಲಿಸುವ ಸದ್ದು. ಕ್ಯಾಮೆರಾ ತಿರುಗಿತು, ಓಡಿತು. ರವಿಕುಮಾರನ ಕಾಲು, ಕಲ್ಲು, ಕಾಲು. ಹಿಂದಿನಿಂದ ಮುನಿರಾಜುವಿನ ದನಿ.

"ರವೀ, ಲಾರಿ ಕಣೋ. ಓಡ್ಬೇಡ ಕಣ್ಲಾ, ಲಾರಿ..."

ದನಿಯಲ್ಲಿ ನಗುವಿತ್ತು. ಗೆಳೆಯನ ಪುಕ್ಕಲುತನ ನೋಡಿ ನಗುತ್ತಿದ್ದ ಹುಡುಗನ ದನಿ. ಆಮೇಲೆ ಬ್ರೇಕು ಕಿರುಚಿತು. ಆಮೇಲೆ ಕಾಲಿನ ಸದ್ದು ಮಾತ್ರ.

ಕಿಟಕಿಯ ಹತ್ತಿರ ರವಿಕುಮಾರನ ಭುಜ ಅಲ್ಲಾಡುತ್ತಿತ್ತು.

ಮುಚ್ಚಿದ ಗಣಿಗೆ ಹೊತ್ತಲ್ಲದ ಹೊತ್ತಿನಲ್ಲಿ ಬರುವ ಲಾರಿ ಎಂದರೆ ಕದ್ದು ಕಲ್ಲು ಸಾಗಿಸುವ ಲಾರಿ. ಶ್ಯಾಮಲಮ್ಮನಿಗೆ ಅದು ಹೊಸ ಸಂಗತಿಯಲ್ಲ. ಈ ಸುತ್ತಿನ ಡ್ರೈವರುಗಳಲ್ಲಿ ಅಂಥ ಬಾಡಿಗೆಗೆ ಹೋಗದವರೇ ಕಡಿಮೆ. ತಾನು ಯಾರನ್ನು ಹುಡುಕಬೇಕೆಂದು ಅವಳಿಗೆ ಮೊದಲ ಬಾರಿಗೆ ಸ್ಪಷ್ಟವಾಯಿತು: ಮುನಿರಾಜುವನ್ನು ಬಲ್ಲ ಒಬ್ಬ ಡ್ರೈವರ್.

"ಇನ್ನೊಂದು ಹಾಕು. ಎಲೆ ಇರೋದು."

ಡಿಸ್ಕಿನಲ್ಲಿ ಕಲಸಿಹೋಗಿದ್ದದ್ದು ಅಸಲಿ ಟೇಪಿನಲ್ಲಿ ಕನ್ನಡಿಯಂತೆ ಕಂಡಿತು. ಅವಳು ನಿಲ್ಲಿಸಲು ಹೇಳಿದಳು.

ಎಲೆಯ ಮೇಲೆ ಒಣಗಿದ ಮುದ್ದೆ. ಒಡೆದ ಕಾಯಿ. ಹಾಲು ಬಿಟ್ಟ ಎಕ್ಕದ ಎಲೆ ಮಗುಚಿ ಬಿದ್ದಿತ್ತು. ಸತ್ತವರಿಗೆ ಇಷ್ಟವಾದದ್ದನ್ನು ಎಡೆಗೆ ಇಡಬೇಕು. ಯಾರೋ ಯೋಚಿಸಿ, ತಂದು, ಎಲೆಯ ಬಲಗಡೆಯಲ್ಲಿ ಸಾಲಾಗಿ ಇಟ್ಟಿದ್ದರು: ಕಡ್ಡಿಗೆ ಸಿಕ್ಕಿಸಿದ ಮೂರು ಹುಣಸೆ ಚಿಗಳಿ.

"ಇದು ಚಿಗಳಿ ಅಲ್ವಾ ಅಕ್ಕ? ಅಂಗಡೀಲಿ ಸಿಗ್ತದಲ್ಲ," ಎಂದ ರವಿಕುಮಾರ್ ಹಿಂದಿನಿಂದ.

ಅಂಗಡಿಯ ಚಿಗಳಿಯ ಕಡ್ಡಿ ಬೋಳಾಗಿರುತ್ತದೆ. ಇವುಗಳ ಕಡ್ಡಿಯ ಬುಡಕ್ಕೆ ಕೆಂಪು ನೂಲು ಸುತ್ತಿತ್ತು.

ಮುನಿರಾಜು ಇನ್ನೂ ನಡೆಯಲು ಕಲಿಯುತ್ತಿದ್ದಾಗ ಚಿಗಳಿಯ ಪೊರಕೆಕಡ್ಡಿ ಅಂಗೈಗೆ ಚುಚ್ಚಿ ಊರು ಒಂದಾಗುವಂತೆ ಅತ್ತಿದ್ದ. ಅಂದಿನಿಂದ ಹುಣಸೆಹಣ್ಣು, ಬೆಲ್ಲ, ಜೀರಿಗೆ ಕುಟ್ಟಿ ಚಿಗಳಿ ಮಾಡಿದಾಗಲೆಲ್ಲ ಕಡ್ಡಿಯ ಬುಡಕ್ಕೆ ಕೆಂಪು ನೂಲು ಸುತ್ತುವುದು ಶ್ಯಾಮಲಮ್ಮನ ಅಭ್ಯಾಸ. ಹುಡುಗ ಬೆಳೆದು ಶಿಫ್ಟಿಗೆ ಹೋಗುವಂತಾದರೂ ಆ ಅಭ್ಯಾಸ ಬಿಟ್ಟಿರಲಿಲ್ಲ. ಹಾಗೆ ಮಾಡುವವರು ಹೊಸೂರಿನಲ್ಲಿ ಇನ್ನೊಬ್ಬರಿಲ್ಲ.

ಮುನಿರಾಜು ಕಾಣೆಯಾದ ವಾರ ಅವಳು ಡಬ್ಬಿ ತೆಗೆದಾಗ ಅದು ಹಗುರವಾಗಿತ್ತು. ಯಾರು ತಿಂದಿರಿ ಎಂದು ಕೇಳಿದ್ದಳು. "ನಾನೇ ತಿಂದೆ," ಎಂದಿದ್ದ ಅಶ್ವತ್ಥಪ್ಪ. ಹುಳಿ ಕಂಡರೆ ಹಲ್ಲು ಜುಮ್ಮೆನ್ನುತ್ತದೆ ಎಂದು ಮಜ್ಜಿಗೆಯನ್ನೂ ಮುಟ್ಟದ ಅಶ್ವತ್ಥಪ್ಪ. ಅವಳು ಅವತ್ತು ಒಲೆಯ ಮೇಲಿನ ಹಾಲು ಉಕ್ಕುತ್ತದೆಂದು ತಿರುಗಿಬಿಟ್ಟಿದ್ದಳು.

ಟಿವಿಯ ಮೇಲೆ ಆ ಮೂರು ಕೆಂಪು ಬುಡಗಳು ಅಲ್ಲಾಡದೆ ನಿಂತಿದ್ದವು. ಅಷ್ಟು ಒಪ್ಪವಾಗಿ, ಒಂದಕ್ಕೊಂದು ತಾಗದಂತೆ, ಮಗುವಿಗೆ ತಿನ್ನಲು ಇಟ್ಟ ಹಾಗೆ ಇಟ್ಟಿದ್ದ. ಗಂಡಹೆಂಡತಿಗೆ ಮಕ್ಕಳಿರಲಿಲ್ಲ. ಮುನಿರಾಜುವನ್ನು ಹೆಗಲ ಮೇಲೆ ಕೂರಿಸಿಕೊಂಡು ಮೊದಲ ಬಾರಿಗೆ ಟೆಂಟು ಸಿನಿಮಾಕ್ಕೆ ಕರೆದುಕೊಂಡು ಹೋದವನು ಅವನೇ.

"ಯಾರಂತ ಗೊತ್ತಾಯ್ತಾ ಅಕ್ಕ?"

ಅವಳು ಎದ್ದಳು. ಎರಡು ಟೇಪನ್ನೂ ಕೇಳಿ ಈಸಿಕೊಂಡು ಚೀಲಕ್ಕೆ ಹಾಕಿದಳು. ಯಾರಿಗೂ ಏನೂ ಹೇಳಬೇಡ ಎಂದಳು. ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿದುಕೊಳ್ಳಬೇಕಾಯಿತು. ಬೇಕರಿಯವನು ಅದು ಮಂಡಿ ನೋವೆಂದು ತಿಳಿದು ಸ್ಟೂಲು ತಂದುಕೊಟ್ಟ.

*

ಬಸ್ಸಿನಲ್ಲಿ ಶಿಫ್ಟು ಬಿಟ್ಟವರು ಕಿಕ್ಕಿರಿದಿದ್ದರು. ಒಂದೇ ಬಣ್ಣದ ಅಂಗಿ ತೊಟ್ಟ ಹುಡುಗರು ತಮಿಳಿನಲ್ಲಿ, ಕನ್ನಡದಲ್ಲಿ, ತೆಲುಗಿನಲ್ಲಿ ಒಬ್ಬರನ್ನೊಬ್ಬರು ಗೇಲಿ ಮಾಡಿಕೊಳ್ಳುತ್ತಿದ್ದರು. ಶ್ಯಾಮಲಮ್ಮ ಚೀಲವನ್ನು ಎದೆಗೆ ಒತ್ತಿಕೊಂಡು, ಕೊಂಡಮ್ಮನಿಗೆ ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಜೋಡಿಸಿದಳು. ಮೊದಲು ಮಗ ಇಲ್ಲ ಎನ್ನಬೇಕು. ಆಮೇಲೆ ಲಾರಿ ಎನ್ನಬೇಕು. ಮೂರನೆಯ ಮಾತಿನ ಹತ್ತಿರ ಬಂದಾಗಲೆಲ್ಲ ಬಸ್ಸು ಒಂದು ಸ್ಟಾಪಿನಲ್ಲಿ ನಿಲ್ಲುತ್ತಿತ್ತು, ಅವಳು ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದಳು.

ಆದರೂ ಹೇಳಬೇಕೆಂದೇ ಅವಳು ಆಲಸನತ್ತಂನಲ್ಲಿ ಇಳಿದಳು. ಹೇಳಬೇಕೆಂದೇ, ತನ್ನ ಮನೆಗೆ ಹೋಗದೆ, ಕೊಂಡಮ್ಮನ ಬಾಗಿಲಿಗೇ ಹೋದಳು.

ಬಾಗಿಲಿಗೆ ಕಟ್ಟಿದ್ದ ಸೀರೆ ಸರಿಸಿದರೆ ಒಳಗೆ ಅಶ್ವತ್ಥಪ್ಪ ಇದ್ದ. ಇವತ್ತು ಅವನು ನೀರಿಟ್ಟ ಕೂಡಲೇ ಹೋಗಿರಲಿಲ್ಲ. ಕೊಂಡಮ್ಮ ಬಲವಂತ ಮಾಡಿ ಕೂರಿಸಿದ್ದಳಂತೆ. ಟಿವಿಯ ಮುಂದೆ ಕುಕ್ಕರುಗಾಲಿನಲ್ಲಿ ಕೂತು, ಕಾಫಿ ಲೋಟವನ್ನು ಎರಡು ಕೈಯಲ್ಲೂ ಹಿಡಿದಿದ್ದ. ಕಾಫಿಯ ಮೇಲೆ ಕೆನೆ ಕಟ್ಟಿತ್ತು. ಪರದೆಯ ಬೆಳಕು ಅವನ ಮುಖದ ಮೇಲೆ ಬಿದ್ದು ಆರಿತು.

"ಮತ್ತಿಗಿರಿಗೆ ಹೋಗಿದ್ಯಂತೆ," ಎಂದ, ಅವಳ ಕಡೆ ತಿರುಗದೆ.

"ಹ್ಞೂ."

ಕೊಂಡಮ್ಮ ಅಡುಗೆ ಮೂಲೆಯಿಂದ ಕೈ ಒರೆಸಿಕೊಳ್ಳುತ್ತ ಬಂದಳು. ಅವಳ ಕಣ್ಣು ಮೊದಲು ಶ್ಯಾಮಲಮ್ಮನ ಮುಖದ ಮೇಲೆ, ಆಮೇಲೆ ಚೀಲದ ಮೇಲೆ ಹೋಯಿತು.

"ಏನಾನ ತಿಳೀತೇನಕ್ಕ?"

ಅಶ್ವತ್ಥಪ್ಪ ಲೋಟವನ್ನು ಕೆಳಗಿಟ್ಟ. ಈಗ ತಿರುಗಿ ನೋಡಿದ. ಇಪ್ಪತ್ತೈದು ವರ್ಷ ಜೊತೆಗೆ ಬಾಳಿದವಳಿಗೆ ಆ ನೋಟ ಬಿಡಿಸಿ ಹೇಳಬೇಕಾಗಿರಲಿಲ್ಲ. ಅವಳಿಗೆ ಗೊತ್ತಾಗಿದೆ ಎಂಬುದು ಅವನಿಗೆ ಗೊತ್ತಾಗಿತ್ತು. ಅವನ ತುಟಿ ಸ್ವಲ್ಪ ತೆರೆಯಿತು, ಏನೋ ಹೇಳುವವನಂತೆ.

ಅವನಿಗಿಂತ ಮೊದಲು ಶ್ಯಾಮಲಮ್ಮ ಬಾಯಿ ತೆರೆದಳು.

"ಏನೂ ಸಿಗ್ಲಿಲ್ಲ ಕಣೆ ಕೊಂಡಮ್ಮ."

"ಹಂಗಾದ್ರೆ ಬದುಕವ್ನೆ," ಎಂದಳು ಕೊಂಡಮ್ಮ. ಅವಳ ಮುಖದಲ್ಲಿ ಎಷ್ಟೋ ದಿನದ ಮೇಲೆ ಒಂದಿಷ್ಟು ಕಳೆ ಬಂತು. "ಏನೂ ಸಿಕ್ಲಿಲ್ಲ ಅಂದ್ರೆ ಎಲ್ಲೋ ಅವ್ನೆ ಅಂತ್ಲೇ."

ಅಶ್ವತ್ಥಪ್ಪ ಎದ್ದು ನಿಂತು ಹೆಂಡತಿಯ ಕಡೆ ಕೈ ಚಾಚಿದ.

"ಚೀಲ ಇಲ್ಲಿ ಕೊಡು," ಎಂದ ಮೆಲ್ಲಗೆ. "ನಾನು ಹಿಡ್ಕೊತೀನಿ."

ಅವಳು ಕೊಡಲಿಲ್ಲ. ಅವನು ಕೈ ಹಿಂದಕ್ಕೆ ತೆಗೆದುಕೊಳ್ಳಲೂ ಇಲ್ಲ.

ಮುನಿರಾಜುವಿನ ತಲೆ ಮುಟ್ಟಿ ಕೊಟ್ಟಿದ್ದ ಮಾತನ್ನು ಶ್ಯಾಮಲಮ್ಮ ಮುರಿದಿದ್ದಳು.